ಗಾಳಿ ನಿಲ್ಲಿಸದ ನೊರೆಯಕ್ಕ

ಊರಿನ ಕೊಳಚೆ ನೀರನ್ನು ಶುದ್ಧಮಾಡಿ ನದಿಗೆ ಬಿಡುವ ಘಟಕದಲ್ಲಿ ಎಲ್ಲರೂ ಅವಳನ್ನು ನೊರೆಯಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಬಂದೊಡನೆ, ಯಂತ್ರದಿಂದ ಗಾಳಿಯೂದುವ ಗಾಳಿತೊಟ್ಟಿಯ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಕುಲುಕಿ, ಕಿಟಕಿಯ ಮೇಲಿಟ್ಟು ನೋಡುವಳು. ನೊರೆ ಬೇಗ ಒಡೆದರೆ ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು ಸೋಪನ್ನು ತಿಂದು ಮುಗಿಸಿವೆ ಎಂದರ್ಥ. "ನನ್ನ ಸಂಸಾರ ಹೊಟ್ಟೆತುಂಬ ಉಂಡಿದೆ" ಎಂದು ಅವಳು ನಕ್ಕ ಮೇಲೆಯೇ ಉಳಿದವರು ನಿರಾಳವಾಗಿ ಚಹಾ ಕುಡಿಯುತ್ತಿದ್ದರು.

ಆ ಭಾನುವಾರ ಬಾಟಲಿಯ ನೊರೆ ಹಠಹಿಡಿದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ನೊರೆ ಅಂಚು ದಾಟಿ ಕೆಳಗಿಳಿದು, ಘಟಕದ ಯಂತ್ರ ನೋಡಿಕೊಳ್ಳುವ ಫಿಟ್ಟರನ ಸೈಕಲ್ಲನ್ನು ಸೀಟಿನವರೆಗೆ ಮುಚ್ಚಿತ್ತು.

"ಅಕ್ಕಾ, ಗಾಳಿ ಮೆಷಿನ್ ಆಫ್ ಮಾಡಿಬಿಡೋಣ. ನೊರೆ ತಾನಾಗೇ ಕೂತ್ಕೊಳ್ಳುತ್ತೆ," ಎಂದ ಫಿಟ್ಟರ್.

"ಕೂತ್ಕೊಳ್ಳುತ್ತೆ, ನಿನ್ನ ಕಣ್ಣಿಗೆ ತಂಪು. ಒಳಗಿರೋವು ಉಸಿರುಕಟ್ಟಿ ಸಾಯ್ತವೆ. ಸೋಪು ಹಾಗೇ ನದಿಗೆ ಹೋಗಿ ಮೀನಿನ ಕಿವಿರು ಸುಡುತ್ತೆ ಕಣೋ."

"ಮತ್ತೆ ನನ್ನ ಸೈಕಲ್ಲು?"

"ಕೊಂಡ ಮೇಲೆ ಮೊದಲನೇ ಸ್ನಾನ ಅಂದುಕೋ."

ನೊರೆಯಕ್ಕ ನದಿ ಕಡೆಯ ತೂಬಿನ ಬಾಗಿಲಿಳಿಸಿ, ಹೊರಹೋಗುವ ನೀರನ್ನು ಖಾಲಿಯಿದ್ದ ಪಕ್ಕದ ತೊಟ್ಟಿಗೆ ತಿರುಗಿಸಿದಳು. ಅದು ತುಂಬುವಷ್ಟರಲ್ಲಿ ಸೋಪು ಬರುವುದು ನಿಲ್ಲದಿದ್ದರೆ ಅವಳ ಸಂಸಾರಕ್ಕೂ ಉಳಿಗಾಲವಿಲ್ಲ, ಮೀನಿಗೂ ಇಲ್ಲ. ನೊರೆಯನ್ನು ಬೊಗಸೆಯಲ್ಲಿ ಎತ್ತಿ ಮೂಸಿದಳು. ಗುಲಾಬಿಯ ವಾಸನೆ. ಅವಳು ತೊಟ್ಟ ಬಟ್ಟೆಗೂ ಅದೇ ವಾಸನೆಯಿತ್ತು. ಅದನ್ನು ಒಗೆದುಕೊಟ್ಟವನು ಲಾಂಡ್ರಿ ನಡೆಸುವ ಅವಳ ಅಣ್ಣ.

ಅವಳು ಓಡಿಹೋದಾಗ ಲಾಂಡ್ರಿಯ ಹಿಂದೆ ನೀರಿನ ತೊಟ್ಟಿಯ ಪಕ್ಕ ಅಣ್ಣ ನಗುತ್ತ ನಿಂತಿದ್ದ. "ಬಾರಮ್ಮ. ವಾರದ ದಿನ ನಿಂಗೆ ಕೆಲಸ ಜಾಸ್ತಿ ಅಂತ ಒಗೆದ ನೀರನ್ನೆಲ್ಲ ಇಲ್ಲೇ ಹಿಡಿದಿಟ್ಟಿದ್ದೆ. ಭಾನುವಾರ ನಿಂಗೆ ಕೆಲಸ ಕಮ್ಮಿ ಅಲ್ವಾ, ಇವತ್ತು ಪೂರ್ತಿ ಬಿಟ್ಟೆ."

ಬೈಯಲೆಂದು ಬಂದವಳು ಮೊದಲು ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು.

"ಅಣ್ಣಾ, ವಾರವಿಡೀ ಉಪವಾಸ ಕೆಡವಿ ಭಾನುವಾರ ಅಷ್ಟನ್ನೂ ಒಟ್ಟಿಗೆ ಬಡಿಸಿದ್ರೆ ನೀನು ಉಣ್ತೀಯಾ?"

ಅವನ ಮುಖ ಸಣ್ಣದಾಯಿತು. "ನಿಂಗೆ ಒಳ್ಳೇದು ಮಾಡೋಣ ಅಂತ..."

"ಮಾಡು. ದಿನಾ ಸ್ವಲ್ಪ ಸ್ವಲ್ಪ ಮಾಡು."

ಅವನು ವಾಲ್ವನ್ನು ತುಸು ತೆರೆದ. "ಇಷ್ಟು?"

"ಇವತ್ತು ಅದೂ ಬೇಡ. ನಾಳೆಯಿಂದ, ಇದರ ಅರ್ಧ."

ಘಟಕದಲ್ಲಿ ಗಾಳಿಯ ಯಂತ್ರ ನಿಲ್ಲಲಿಲ್ಲ. ಪಕ್ಕದ ತೊಟ್ಟಿಯಲ್ಲಿ ತಡೆದಿಟ್ಟ ನೀರನ್ನು ಅವಳು ಮಗುವಿಗೆ ತುತ್ತಿಡುವಂತೆ ಒಂದಿಷ್ಟೊಂದಿಷ್ಟೇ ಗಾಳಿತೊಟ್ಟಿಗೆ ಮರಳಿಸಿದಳು. ಮರುದಿನ ಅಣ್ಣ ಘಟಕಕ್ಕೆ ಬಂದು, ತಾನೇ ಬಾಟಲಿಗೆ ತೊಟ್ಟಿಯ ನೀರು ತುಂಬಿ, ಕುಲುಕಿ ಕಿಟಕಿಯ ಮೇಲಿಟ್ಟ. ಗುಳ್ಳೆಗಳು ಒಂದೊಂದಾಗಿ ಒಡೆದು, ನೀರಿನ ಮೈ ಬಯಲಾಯಿತು.

"ಉಂಡವಾ?" ಎಂದು ಕೇಳಿದ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ.

ಅವಳಾಗಲೇ ನದಿ ಕಡೆಯ ಬಾಗಿಲನ್ನು ಎತ್ತುವ ಚಕ್ರಕ್ಕೆ ಕೈ ಹಾಕಿದ್ದಳು.