ಅತ್ತೆಯ ಜೊತೆ ವಿಮಾನ ನಿಲ್ದಾಣಗಳಲ್ಲಿ

ಸಿಂಧನೂರಿನ ನಮ್ಮ ಅಕ್ಕಿ ಗಿರಣಿಗೆ ಹೊಸ ಯಂತ್ರ ಮಾರಿದವರು, ತಮ್ಮ ಖರ್ಚಿನಲ್ಲೇ ಬ್ಯಾಂಕಾಕ್ ಮತ್ತು ಸಿಂಗಪುರದ ಪ್ರವಾಸಕ್ಕೆ ಗಂಡ-ಹೆಂಡತಿ ಇಬ್ಬರೂ ಬನ್ನಿ ಎಂದು ಕರೆದಿದ್ದರು.

“ಅದು ಭತ್ತ ಬರೋ ಟೈಮು, ನಾ ಬರಾಂಗಿಲ್ಲ. ಅವ್ವನ್ನ ಕರ್ಕೊಂಡು ಹೋಗು,” ಎಂದರು ನನ್ನ ಗಂಡ.

ನನಗೆ ಒಳಗೊಳಗೇ ಅಳುಕು. ಅತ್ತೆ ಶ್ರೀಶೈಲ ದಾಟಿ ಹೋದವರಲ್ಲ. ಮನೆಯಲ್ಲಿ ನಾವಿಬ್ಬರೂ ಅಡುಗೆ, ನೀರು, ಪೂಜೆ ಬಿಟ್ಟು ಬೇರೆ ಮಾತಾಡಿದ್ದೂ ಕಡಿಮೆ.

ಹೈದರಾಬಾದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಕೊರಳಿನ ಬೆಳ್ಳಿ ಕರಡಿಗೆಗೆ ಯಂತ್ರ ಕುಯ್ಯೆಂದಿತು. ಮಹಿಳಾ ಪೊಲೀಸು ತೆಲುಗಿನಲ್ಲಿ ಇದೇನೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ಮಾ ಶಿವುಡಮ್ಮಾ,” ಎಂದು ಕರಡಿಗೆ ಬಿಚ್ಚಿ ಇಷ್ಟಲಿಂಗ ತೋರಿಸಿದರು. ಅವಳು ಕೈಮುಗಿದು ಮುಂದೆ ಬಿಟ್ಟಳು. ಅತ್ತೆಗೆ ತೆಲುಗು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ನಾಲ್ಕು ದಿನ ಬ್ಯಾಂಕಾಕ್ ನೋಡಿ ಸಿಂಗಪುರಕ್ಕೆ ಹೊರಟೆವು. ಬ್ಯಾಂಕಾಕಿನ ನಿಲ್ದಾಣದೊಳಗೆ ಸಮುದ್ರಮಥನದ ದೊಡ್ಡ ಶಿಲ್ಪವಿದೆ. ಬಣ್ಣಬಣ್ಣದ ದೇವರು, ರಾಕ್ಷಸರು, ನಡುವೆ ಉದ್ದಾನುದ್ದ ಹಾವು. ಅತ್ತೆ ಅದನ್ನೊಂದು ಸುತ್ತು ಹಾಕಿದರು.

“ಇಷ್ಟು ಮಂದಿ ಜಗ್ಗಾಕತ್ತಾರ, ವಿಷ ಕುಡಿದ ನಮ್ಮ ಶಿವ ಎಲ್ಲದಾನಬೇ?”

ಫೋಟೊ ತೆಗೆಯುತ್ತಿದ್ದ ಬಿಳಿಯ ದಂಪತಿ, ಅತ್ತೆ ಹೇಳಿದ್ದೇನೆಂದು ನನ್ನನ್ನು ಕೇಳಿದರು. ಅಷ್ಟು ಸಾಕಾಯಿತು. ಅತ್ತೆ ಕಥೆ ಶುರು ಮಾಡಿದರು, ನಾನು ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ. ಜನ ಸೇರಿದರು. ಶಿವನ ಗಂಟಲಲ್ಲಿ ವಿಷ ನಿಲ್ಲುವ ಹೊತ್ತಿಗೆ ನಮ್ಮ ವಿಮಾನದ ಕೊನೆಯ ಕರೆ ಕೇಳಿಸಿತು.

“ಅತ್ತೀ, ಓಡ್ರಿ!”

ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು ನೋಡಿ! ನಾನೇ ಹಿಂದೆ ಬಿದ್ದೆ. ಸೀಟಿನಲ್ಲಿ ಕುಳಿತು ಏದುಸಿರು ಬಿಡುತ್ತಾ, “ಪಾಪ, ಅಮೃತ ಯಾರಿಗೆ ಸಿಕ್ಕಿತಂತ ಅವರಿಗೆ ಗೊತ್ತಾಗಲೇ ಇಲ್ಲ,” ಎಂದು ಮರುಗಿದರು.

ಸಿಂಗಪುರದ ನಿಲ್ದಾಣದಲ್ಲಿ ಗಾಜಿನ ಚಾವಣಿಯಿಂದಲೇ ಜಲಪಾತ ಧುಮುಕುತ್ತದೆ. ಸುತ್ತ ಗಿಡಮರ, ಮೈಮೇಲೆ ತಣ್ಣನೆಯ ತುಂತುರು. ಅತ್ತೆ ನನ್ನ ಕೈ ಹಿಡಿದು ನಿಂತುಬಿಟ್ಟರು.

“ಈ ನೀರು ಯಾವ ಭತ್ತದ ಗದ್ದಿಗಿ ಹೋಗತೈತಿ?”

“ಯಾವ ಗದ್ದಿಗೂ ಇಲ್ರೀ. ತಿರುಗಿ ಮ್ಯಾಲಕ ಏರಿಸ್ತಾರ.”

“ಬರೇ ನೋಡಾಕ?”

“ಬರೇ ನೋಡಾಕ.”

ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, “ನಮ್ಮ ಮಸ್ಕಿ ಬೀಗರಿಗೆ ಹೇಳಬ್ಯಾಡ. ಕಾಲುವಿ ನೀರು ಕೊನಿ ಹೊಲಕ್ಕ ಮುಟ್ಟವಲ್ದಂತ ಕುಂತಾರ, ಪೈಪು ಹೊತ್ಕೊಂಡು ಇಲ್ಲಿಗೇ ಬಂದಾರು!” ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಮುದುಕಿಯೊಬ್ಬಳು ನಮ್ಮನ್ನು ನೋಡಿ, ಕಾರಣ ಕೇಳದೆ ತಾನೂ ನಗತೊಡಗಿದಳು.