ಎರಡನೆಯ ಒಲೆ

ಮುಂಬಯಿಯ ಆಂಟಾಪ್ ಹಿಲ್‌ನ ಆ ಗಲ್ಲಿಗಳಲ್ಲಿ ಚಂದ್ರವ್ವನ ಹೆಸರು ತೆಗೆದರೆ ಜನ ಇವತ್ತಿಗೂ ಎರಡು ಮಾತು ಆಡುತ್ತಾರೆ. ಮೊದಲನೆಯದು ಆಕೆಯ ಸಂಡಿಗೆ, ಶೇಂಗಾ ಹಿಂಡಿಯ ರುಚಿಯ ಬಗ್ಗೆ. ಎರಡನೆಯದು ಆಕೆಯ ತಲೆಯ ಬಗ್ಗೆ. ‘ಒಂದು ಖೋಲಿ ಕೊಟ್ಟು ಎರಡು ಫ್ಲ್ಯಾಟ್ ತಗೊಂಡ ಹೆಂಗಸು’ ಎಂದು ಹೇಳುವಾಗ ಅವರ ಮುಖದಲ್ಲಿ ಮೆಚ್ಚುಗೆಯೋ ಮೆಚ್ಚುಗೆ. ಆ ಮೆಚ್ಚುಗೆ ಆಕೆಗೆ ಬೇಡವಾಗಿ ಬಹಳ ದಿನವಾಯಿತು. ಆದರೆ ಬೇಡವೆಂದ ಮಾತ್ರಕ್ಕೆ ಬಿಟ್ಟು ಹೋಗಲು ಅದೇನು ನೆಂಟರೇ?

ಆಕೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮದುವೆಯಾಗಿ ಗಂಡ ಶಂಕ್ರೆಪ್ಪನ ಹಿಂದೆ ಮುಂಬಯಿಗೆ ಬಂದಾಗ ಸಿಕ್ಕಿದ್ದು ತಗಡು ಹೊದಿಸಿದ, ಒಂದೇ ಕೋಣೆಯ ಒಂದು ಖೋಲಿ. ಶಂಕ್ರೆಪ್ಪ ವಡಾಳಾದ ಲಾರಿ ಅಡ್ಡೆಯಲ್ಲಿ ಮೂಟೆ ಹೊತ್ತ. ಆಕೆ ಏಣಿ ಹಾಕಿ ತಗಡಿನ ಮೇಲೆ ಹತ್ತಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಿ ಮಾರಿದಳು. ತಗಡು ಎಷ್ಟು ಕಾಯುತ್ತಿತ್ತೆಂದರೆ ಬೆಳಿಗ್ಗೆ ಹಾಕಿದ ಸಂಡಿಗೆ ಸಂಜೆಗೆ ಕಟಕಟ ಎನ್ನುತ್ತಿತ್ತು. ಬೇಸಿಗೆಯಲ್ಲಿ ಒಳಗೆ ಮನುಷ್ಯರೂ ಹಾಗೇ ಒಣಗುತ್ತಿದ್ದರು, ಆ ಮಾತು ಬೇರೆ. ಖೋಲಿಗಳ ನಡುವೆ ಒಂದು ಬಯಲಿತ್ತು, ಅದರಲ್ಲೊಂದು ಬಾದಾಮಿ ಮರ. ತಗಡು ಸಾಲದಾದರೆ ಚಂದ್ರವ್ವನ ಚಾಪೆಗಳು ಆ ಬಯಲಿಗಿಳಿಯುತ್ತಿದ್ದವು. ಬಿಸಿಲಿಗೆ ಬೆಲೆಯಿದೆ ಎಂದು ಆಗ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಕೆ ನಕ್ಕುಬಿಡುತ್ತಿದ್ದಳು.

ಶಂಕ್ರೆಪ್ಪ ತೀರಿಕೊಂಡ. ಮಕ್ಕಳಾದ ಸೋಮನಾಥ, ಬಸು ದೊಡ್ಡವರಾದರು. ಸೋಮನಾಥ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಕೆಲಸ ಹಿಡಿದು ರೂಪಾಲಿಯನ್ನು ಮದುವೆಯಾದ. ಹಿಂದೆಯೇ ಬಸುವಿನ ಮದುವೆಯೂ ಆಯಿತು. ಖೋಲಿ ಮಾತ್ರ ಇದ್ದಷ್ಟೇ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ತಿಳಿದವರು. ಒಂದೇ ಹಾಸಿಗೆಯಲ್ಲಿ ಎರಡು ಸಂಸಾರದ ಕಾಲುಗಳಿದ್ದರೆ ಏನು ಮಾಡಬೇಕೆಂದು ಮಾತ್ರ ಆ ತಿಳಿದವರು ಹೇಳುವುದಿಲ್ಲ.

ಅಂಥ ಹೊತ್ತಿನಲ್ಲಿ ಬಿಲ್ಡರ್ ಬಂದ. ಖೋಲಿಗಳನ್ನು ಕೆಡವಿ, ಇದ್ದವರಿಗೆಲ್ಲ ಪುಕ್ಕಟೆ ಫ್ಲ್ಯಾಟ್ ಕೊಟ್ಟು, ಮಿಕ್ಕ ಜಾಗದಲ್ಲಿ ತನ್ನ ಮಾರಾಟದ ಟವರ್ ಎಬ್ಬಿಸುವುದು ಅವನ ಲೆಕ್ಕ. ಮೊದಲ ನಕ್ಷೆಯಲ್ಲಿ ಬಡವರಿಗೆ ಮೂರು ಬಿಲ್ಡಿಂಗ್, ನಡುವೆ ಆ ಬಯಲು ಹಾಗೇ ಉಳಿದಿತ್ತು, ಬಾದಾಮಿ ಮರವನ್ನೂ ಹಸಿರು ಬಣ್ಣದಲ್ಲಿ ಬರೆದಿದ್ದರು.

ಸರ್ವೇಗೆ ಬಂದವರು ಒಂದು ಒಲೆಗೆ ಒಂದು ಮನೆ ಎಂದು ಎಣಿಸುತ್ತಾರೆಂಬುದನ್ನು ಮೊದಲು ಪತ್ತೆ ಹಚ್ಚಿದವಳು ಚಂದ್ರವ್ವ. ರಾತ್ರೋರಾತ್ರಿ ಖೋಲಿಯ ನಡುವೆ ಪ್ಲೈವುಡ್ ನಿಂತಿತು. ಹಿಂದಿನ ಗೋಡೆಯಲ್ಲಿ ಎರಡನೆಯ ಬಾಗಿಲು ತೆರೆಯಿತು, ಒಳಗೆ ಎರಡನೆಯ ಒಲೆ ಬಂತು. ಹೊಸ ಒಲೆ ಹೊಸದಾಗಿ ಕಂಡರೆ ಸರ್ವೇದವರು ಬಿಡುತ್ತಾರೆಯೇ? ಗೋಡೆಗೆ ಮಸಿ ಹಿಡಿಸಿದಳು, ಹಾಲು ಉಕ್ಕಿಸಿ ಕಲೆ ಮಾಡಿದಳು, ಒಗ್ಗರಣೆಯ ಎಣ್ಣೆ ಸಿಡಿಸಿದಳು. ಆಕೆಯ ತವರಿನಲ್ಲಿ ಒಲೆ ಎರಡಾಗುವುದೆಂದರೆ ಅಣ್ಣತಮ್ಮಂದಿರು ಬೇರೆಯಾದಂತೆ, ಆ ದಿನ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದರು. ಇಲ್ಲಿ ಅತ್ತೆ ಸೊಸೆಯಂದಿರು ನಗುತ್ತ ನಗುತ್ತ ಗೋಡೆಗೆ ಮಸಿ ಬಳಿದರು. ಗಲ್ಲಿಯ ಹೆಂಗಸರಿಗೆಲ್ಲ ಚಂದ್ರವ್ವ ಈ ವಿದ್ಯೆ ಹೇಳಿಕೊಟ್ಟಳು. ಪಕ್ಕದ ನಾಗವ್ವನೊಬ್ಬಳು ಮಾತ್ರ ಒಪ್ಪಲಿಲ್ಲ.

“ಗಂಡ ಇನ್ನಾ ಜೀವಂತ ಅದಾನ, ಈಗ ಒಲಿ ಎರಡು ಮಾಡೂದು ನನ್ನ ಕೈಲೆ ಆಗೂದಿಲ್ಲ ನೋಡವ್ವಾ,” ಎಂದಳು.

“ಹಂಗಾರ ಒಂದರಾಗ ಎಲ್ಲಾರೂ ಒಬ್ಬರ ಮ್ಯಾಲ ಒಬ್ಬರು ಬಿದ್ದು ಸಾಯ್ರಿ,” ಎಂದು ಚಂದ್ರವ್ವ ನಕ್ಕಿದ್ದಳು.

ಒಲೆಗಳ ಎಣಿಕೆ ಮುಗಿದಾಗ ಮನೆಗಳು ಹತ್ತಿರ ಹತ್ತಿರ ದುಪ್ಪಟ್ಟಾಗಿದ್ದವು. ಬಿಲ್ಡರ್ ಸಿಟ್ಟಾಗುತ್ತಾನೆಂದು ಎಲ್ಲರೂ ಹೆದರಿದ್ದರು. ಅವನು ಸಿಟ್ಟಾಗಲಿಲ್ಲ. ಸಭೆ ಕರೆದು ತಣ್ಣಗೆ ಕೇಳಿದ: ಮನೆ ಹೆಚ್ಚು ಬೇಕಾದರೆ ಬಯಲು ಹೋಗುತ್ತದೆ, ಬಯಲು ಬೇಕಾದರೆ ಮನೆ ಹೋಗುತ್ತದೆ, ಯಾವುದು ಹೇಳಿ. ತನ್ನ ಟವರಿನ ಜಾಗದಲ್ಲಿ ಒಂದು ಗೇಣು ಬಿಡುವ ಮಾತನ್ನು ಅವನೂ ಎತ್ತಲಿಲ್ಲ, ಕೇಳಬೇಕೆಂದು ಇವರಿಗೂ ಹೊಳೆಯಲಿಲ್ಲ. ನೋಡಿ, ಬಡವರ ಬುದ್ಧಿ ಹೇಗಿರುತ್ತದೆ, ಕಿತ್ತಾಡುವುದಿದ್ದರೂ ತಮ್ಮ ತಟ್ಟೆಯೊಳಗಿನ ಅನ್ನಕ್ಕೇ ಕಿತ್ತಾಡುತ್ತಾರೆ. ಮೊದಲು ಕೈ ಎತ್ತಿದವಳು ಚಂದ್ರವ್ವ.

“ಬಯಲು ತಗೊಂಡು ಏನ್ ಮಾಡೂದೈತಿ? ಬಿಸಲು ಉಣ್ಣಾಕ ಬರತದೇನು?” ಎಂದಳು. ಸಭೆಗೆ ಸಭೆಯೇ ನಕ್ಕಿತು.

ಬಾದಾಮಿ ಮರ ಒಂದು ಬೆಳಗಿನಲ್ಲಿ ಹೋಯಿತು. ಬಯಲಿನಲ್ಲಿ ನಾಲ್ಕನೆಯ ಬಿಲ್ಡಿಂಗ್ ಎದ್ದಿತು. ಚೀಟಿ ಎತ್ತಿದಾಗ ಚಂದ್ರವ್ವನ ಎರಡೂ ಫ್ಲ್ಯಾಟುಗಳು ಮೂರನೆಯ ಮಹಡಿಯಲ್ಲಿ ಬಂದವು, ಒಂದು ಸೋಮನಾಥನಿಗೆ, ಒಂದು ಬಸುವಿಗೆ. ಹೊಕ್ಕ ದಿನ ಆಕೆ ಬಾಗಿಲಿಗೆ ತೋರಣ ಕಟ್ಟಿ, ಒಳಗೇ ಇದ್ದ ಸಂಡಾಸದ ನಲ್ಲಿಯನ್ನು ತೆರೆದು ಮುಚ್ಚಿ, ಮತ್ತೆ ತೆರೆದು ನೋಡಿ ಖುಷಿಪಟ್ಟಳು. ಆಮೇಲೆ ಕಿಟಕಿ ತೆಗೆದಳು. ಎರಡೂ ಫ್ಲ್ಯಾಟಿನ ಎದುರಿಗೆ ನಾಲ್ಕನೆಯ ಬಿಲ್ಡಿಂಗಿನ ಗೋಡೆ. ಕೈ ಚಾಚಿದರೆ ಆ ಕಡೆಯವರ ಕಿಟಕಿಯಿಂದ ಉಪ್ಪು ಈಸಿಕೊಳ್ಳಬಹುದಿತ್ತು. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಮೇಲಿನವರು ಎಸೆದ ಕಸ ಬಿದ್ದು ಕೊಳೆಯುತ್ತಿತ್ತು. ಹಗಲು ಹನ್ನೆರಡಕ್ಕೂ ಲೈಟು ಹಾಕಬೇಕಾಯಿತು.

ಸಂಡಿಗೆ ಒಣಗಲಿಲ್ಲ, ಬೂಜು ಹಿಡಿಯಿತು. ಮೇಲಿನ ತಾರಸಿಗೆ ಸೊಸೈಟಿಯವರು ಬೀಗ ಜಡಿದಿದ್ದರು. ಆಕೆ ಕೆಲಸ ಬಿಟ್ಟಳು. ಅದು ಹೋಗಲಿ, ಸಂಡಿಗೆ ಇಲ್ಲದಿದ್ದರೆ ಜಗತ್ತು ನಿಲ್ಲುವುದಿಲ್ಲ. ಎರಡನೆಯ ಮಳೆಗಾಲದಲ್ಲಿ ರೂಪಾಲಿಗೆ ಕೆಮ್ಮು ಹತ್ತಿತು.

ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಟಿಬಿ ಎಂದರು. ತಿಂಗಳುಗಟ್ಟಲೆ ಗುಳಿಗೆ ನುಂಗಿ ಗುಣವಾಯಿತು, ವರ್ಷದೊಳಗೆ ಮರಳಿ ಬಂತು. ಈ ಸಲ ರೂಪಾಲಿ ಕೈಕಾಲು ಕಡ್ಡಿಯಾಗಿ, ಮಾತಾಡಿದರೆ ಏದುಸಿರು ಬಿಡುವಂತಾದಳು. ಡಾಕ್ಟರಮ್ಮ ಔಷಧಿ ಬರೆದು, ಮನೆಗೆ ಗಾಳಿ ಬೆಳಕು ಬರುತ್ತದೆಯೇ ಎಂದು ಕೇಳಿದಳು. ಸೋಮನಾಥ ತಲೆ ತಗ್ಗಿಸಿದ. ಗುಳಿಗೆಯಷ್ಟೇ ಸಾಲದು, ಈ ಸಲ ಮತ್ತೆ ಮರುಕಳಿಸಿದರೆ ಕಷ್ಟ ಎಂದಳು ಆಕೆ. ಚಂದ್ರವ್ವ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು. ತನ್ನ ಕೈಯಾರೆ ಸೊಸೆಯನ್ನು ಆ ಕತ್ತಲೆಗೆ ತಂದು ಕೂರಿಸಿದೆನಲ್ಲ ಎಂದುಕೊಂಡಳು. ಬಿಲ್ಡರನ ಟವರು ಅದೇ ಹೊತ್ತಿನಲ್ಲಿ ರಸ್ತೆಯ ಕಡೆ ಪೂರ್ತಿ ಬಿಸಿಲು ಕುಡಿಯುತ್ತ ನಿಂತಿತ್ತು. ಅದರ ಎಷ್ಟೋ ಫ್ಲ್ಯಾಟುಗಳನ್ನು ಕೊಂಡವರು ಬೀಗ ಹಾಕಿ ಬೇರೆಲ್ಲೋ ಇದ್ದರು. ಅಲ್ಲಿ ಬಿಸಿಲು ಬೀಳುತ್ತಿದ್ದದ್ದು ಖಾಲಿ ಸೋಫಾಗಳ ಮೇಲೆ.

ಮನೆ ಬದಲಿಸೋಣವೆಂದರೆ, ಪುಕ್ಕಟೆ ಸಿಕ್ಕ ಫ್ಲ್ಯಾಟನ್ನು ಹಲವು ವರ್ಷ ಮಾರಲು ಕಾಯ್ದೆ ಬಿಡದು. ಬಿಟ್ಟರೂ, ಬಿಸಿಲು ಕೊಟ್ಟು ಕತ್ತಲೆ ಕೊಳ್ಳುವ ಹುಚ್ಚರು ಯಾರಿದ್ದಾರೆ? ಕೊನೆಗೆ ಚಂದ್ರವ್ವ ಲಿಫ್ಟ್ ಹತ್ತಿ ಹದಿನೇಳನೆಯ ಮಹಡಿಯ ನಾಗವ್ವನ ಮನೆಗೆ ಹೋದಳು. ಒಂದೇ ಒಲೆ ತೋರಿಸಿದ ನಾಗವ್ವನಿಗೆ ಒಂದೇ ಫ್ಲ್ಯಾಟು ಸಿಕ್ಕಿತ್ತು. ಅದರಲ್ಲಿ ಗಂಡ, ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ತುಂಬಿಕೊಂಡಿದ್ದರು. ಆದರೆ ಪೂರ್ವದ ಕಿಟಕಿಯ ಎದುರು ಪಕ್ಕದ ಗಲ್ಲಿಯ ತಗಡುಗಳು ಕೆಳಗೆ ಎಲ್ಲೋ ಇದ್ದವು, ಮೇಲೆ ಬರೀ ಆಕಾಶ. ಬೆಳಗಿನ ಬಿಸಿಲು ನೇರ ಒಳಗೆ ಬಂದು ನೆಲದ ಮೇಲೆ ಬೀಳುತ್ತಿತ್ತು.

“ರೋಗ ಈಗ ಹರಡೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ದಿನಾ ಮುಂಜಾನೆ ಒಂದು ತಾಸು ಆಕಿನ್ನ ಇಲ್ಲಿ ಕುಂಡ್ರಸ್ಲೇನು?” ಚಂದ್ರವ್ವ ನೆಲದ ಮೇಲೆ ಬಿದ್ದ ಬಿಸಿಲಿನತ್ತ ಕೈ ತೋರಿಸಿದಳು.

ಸೊಸೆಯಂದಿರು ಮುಖ ಮುಖ ನೋಡಿಕೊಂಡರು. ನಾಗವ್ವ ಚಂದ್ರವ್ವನ ಹಳೆಯ ನಗೆಯನ್ನು ಮರೆತಿರಲಿಲ್ಲ, ಆದರೂ ಅದನ್ನು ಎತ್ತಲಿಲ್ಲ.

“ಬಿಸಲೇನು ನಮ್ಮಪ್ಪನ ಗಳಿಕಿ ಅಲ್ಲ. ಕರಕೊಂಡು ಬಾ,” ಎಂದಳು.

ಅಂದಿನಿಂದ ರೂಪಾಲಿ ದಿನಾ ಆ ಕಿಟಕಿಯ ಬಳಿ ಚಾಪೆ ಹಾಕಿಕೊಂಡು ಕೂತಳು. ನಾಗವ್ವನ ಮೊಮ್ಮಕ್ಕಳು ಆಕೆಯನ್ನು ದಾಟಿಕೊಂಡೇ ಸ್ಕೂಲಿಗೆ ಹೋದವು. ಗುಳಿಗೆಯ ಗುಣವೋ, ಬಿಸಿಲಿನದೋ, ಎರಡರದ್ದೋ, ದೀಪಾವಳಿಯ ಹೊತ್ತಿಗೆ ಕೆಮ್ಮು ತಗ್ಗಿತು, ಕೆನ್ನೆಯ ಮೂಳೆಗಳ ಮೇಲೆ ಒಂದಿಷ್ಟು ಮಾಂಸ ಬಂತು. ಒಂದು ದಿನ ಆಕೆ ಎರಡು ರೊಟ್ಟಿ ಉಂಡು ಮೂರನೆಯದು ಕೇಳಿದಾಗ ಚಂದ್ರವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಆ ಖುಷಿಯ ಬೆನ್ನಿಗೇ ಸೋಮನಾಥ ಸುದ್ದಿ ತಂದ. ಪಕ್ಕದ ಗಲ್ಲಿಗೂ ಬಿಲ್ಡರ್ ಬಂದಿದ್ದಾನೆ.

“ಮನಿ ಇದ್ದಷ್ಟ ಇದ್ರ ಬಿಲ್ಡಿಂಗ್ ಆ ಕಡಿ ರೋಡಿಗಿ ಹೋಗತದ. ಹೆಚ್ಚಾದ್ವು ಅಂದ್ರ ಈ ಕಡಿ ಬರತದ, ನಾಗವ್ವನ ಕಿಡಕಿಗಿ ಹತ್ತಿಕೊಂಡ. ನಕ್ಷಾ ನೋಡಿ ಬಂದೀನಿ,” ಎಂದ. ಚಪ್ಪಲಿ ಕಳಚುತ್ತ, “ನಾಡದು ಸರ್ವೇ ಅದ. ಎಲ್ಲಾರೂ ಒಲಿ ಎರಡು ಮಾಡಾಕ ಹತ್ಯಾರ,” ಎಂದ. ಯಾರು ಕಲಿಸಿದ ವಿದ್ಯೆ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನ ರೂಪಾಲಿಯನ್ನು ಮೇಲೆ ಬಿಸಿಲಿಗೆ ಕೂರಿಸಿ ಚಂದ್ರವ್ವ ಪಕ್ಕದ ಗಲ್ಲಿಗೆ ಹೊರಟಳು. ಕಾಲಿಗೆ ಬೀಳುವುದಾದರೆ ಕಾಲಿಗೆ ಬೀಳಲೂ ಸಿದ್ಧಳಾಗಿದ್ದಳು. ಅಲ್ಲಿ ಮೊದಲ ಖೋಲಿ ಮಾಧುರಿಯದು. ಸೊಲ್ಲಾಪುರದ ಹುಡುಗಿ, ಚಂದ್ರವ್ವನ ಹಿಂಡಿ ಕೊಳ್ಳುತ್ತಿದ್ದವಳು.

“ಕಾಕು! ಒಲಿ ನೋಡಿ ಹೇಳಾಕ ನಾನೇ ನಿಮಗ ಕರೀಲಿಕ್ಕೆ ಬರಾಕಿ ಇದ್ದೆ. ದೇವರು ಬಂದಂಗ ಬಂದ್ರಿ ನೋಡ್ರಿ!” ಎಂದು ಮಾಧುರಿ ಕೈ ಹಿಡಿದು ಒಳಗೆ ಕರೆದಳು.

ಒಳಗೆ ಮಂಚದ ಮೇಲೆ ರಾತ್ರಿಪಾಳಿ ಮುಗಿಸಿ ಬಂದ ಮೈದುನ ಮಲಗಿದ್ದ. ಮಂಚದ ಕೆಳಗೆ ಮಾವ ಮಲಗಿದ್ದ. ಅತ್ತೆ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು. ಚಂದ್ರವ್ವ ಹೊಸ್ತಿಲ ಮೇಲೇ ಕೂತು, ಬಂದ ವಿಷಯ ಹೇಳಿದಳು. ಬಯಲು ಹೋದದ್ದು, ಗೋಡೆ ಬಂದದ್ದು, ರೂಪಾಲಿಯ ಕೆಮ್ಮು, ಡಾಕ್ಟರಮ್ಮನ ಮಾತು, ನಾಗವ್ವನ ಕಿಟಕಿ, ಒಂದನ್ನೂ ಮುಚ್ಚಿಡಲಿಲ್ಲ.

“ಒಂದ ಒಲಿ ತೋರಸ್ರಿ. ನಿಮ್ಮ ಗಲ್ಲಿಯವರಿಗೆಲ್ಲಾ ಹೇಳು. ನಿಮಗೂ ಚಲೋ ಆಗತದ, ಗಾಳಿ ಬೆಳಕು ಉಳೀತದ,” ಎಂದು ಕೈ ಮುಗಿದಳು.

ಅತ್ತೆ ಬಟಾಣಿಯಿಂದ ತಲೆ ಎತ್ತದೆ, “ತಮಗ ಎರಡು ಸಿಕ್ಕಾವು, ಈಗ ಮಂದಿಗೆ ಗ್ಯಾನ ಹೇಳಾಕ ಬಂದಾರ,” ಎಂದಳು.

ಮಾಧುರಿ ಅತ್ತೆಯನ್ನು ಸುಮ್ಮನಿರಿಸಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚಂದ್ರವ್ವನಿಗೆ ಸುಲಭವಾಗುತ್ತಿತ್ತು.

“ಕಾಕು, ಖರೇ ಹೇಳ್ರಿ. ಆವಾಗ ನಿಮಗ ಯಾರರೆ ಬಂದು ಹಿಂಗ ಹೇಳಿದ್ರ ಕೇಳತಿದ್ರೇನು?” ಅವಳು ದನಿ ತಗ್ಗಿಸಿದಳು. “ಲಗ್ನ ಆಗಿ ಐದು ವರ್ಷ ಆತು. ಬಾಗಲಾ ಹಾಕ್ಕೊಂಡು ಒಂದು ರಾತ್ರಿ ಮಲಗಿಲ್ರಿ ನಾ. ಕೂಸಿಗೆ ಮೊಲಿ ಕೊಡಬೇಕಂದ್ರ ಎಲ್ಲಾರಿಗೂ ಬೆನ್ನ ಮಾಡಿ ಗ್ವಾಡಿ ನೋಡಕೋತ ಕುಂಡ್ರತೀನಿ.”

ಗಂಡನ ಜೊತೆ ಪಿಸುಮಾತಿಗೂ ಜಾಗವಿಲ್ಲದೆ ತಾನು ತಗಡಿನ ಕೆಳಗೆ ಕಳೆದ ವರ್ಷಗಳು ಚಂದ್ರವ್ವನಿಗೆ ನೆನಪಾದವು. ಪ್ಲೈವುಡ್ ನಿಂತ ರಾತ್ರಿ ರೂಪಾಲಿಯ ಮುಖದಲ್ಲಿ ಕಂಡ ಬೆಳಕೂ ನೆನಪಾಯಿತು. ಈ ಊರಲ್ಲಿ ಒಬ್ಬರಿಗೆ ಬಾಗಿಲು ಬೇಕಾದರೆ ಇನ್ನೊಬ್ಬರ ಕಿಟಕಿ ಮುಚ್ಚಬೇಕು. ಈ ಲೆಕ್ಕ ಹಾಕಿದವನು ಯಾವನೋ, ಅವನ ಮನೆಗೆ ಎಂದೂ ಬೆಳಕಾಗದಿರಲಿ.

ಎದ್ದು ನಿಂತವಳ ಕಣ್ಣು ಖೋಲಿಯ ನಡುವೆ ಕಟ್ಟಿದ್ದ ಪರದೆಯ ಆಚೆ ಬಿತ್ತು. ಮಾಧುರಿ ಹಿಂದಿನ ಎರಡನೆಯ ಬಾಗಿಲ ಎದುರಿಗೇ ಹೊಸ ಒಲೆ ಇಟ್ಟಿದ್ದಳು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಯಾವ ಸರ್ವೇದವನಾದರೂ ಒಂದೇ ನೋಟಕ್ಕೆ ಹಿಡಿಯುವಂತಿತ್ತು. ಬಾಯಿ ಮುಚ್ಚಿಕೊಂಡು ಹೊರಟಿದ್ದರೆ ಸಾಕಿತ್ತು, ಒಂದು ಒಲೆಯಾದರೂ ಲೆಕ್ಕದಿಂದ ತಪ್ಪುತ್ತಿತ್ತು. ಜೋಳಿಗೆಯಲ್ಲಿ ಕೂಸು ಮಿಸುಕಿ ಅತ್ತಿತು. ಮಾಧುರಿ ಅದನ್ನೆತ್ತಿಕೊಂಡು ಎಲ್ಲರಿಗೂ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ಕೂತಳು.

“ಬಾಗಲಾ ಎದುರಿಗೆ ಯಾರರೆ ಒಲಿ ಇಡತಾರೇನು?” ಎಂದುಬಿಟ್ಟಳು ಚಂದ್ರವ್ವ. “ಆ ಮೂಲ್ಯಾಗ ಇಡು. ಗ್ವಾಡಿಗೆ ಮಸಿ ಹತ್ತಸು. ಹಾಲು ಉಕ್ಕಸು, ವರಸಬ್ಯಾಡ, ಹಂಗ ಒಣಗಲಿ.”

ಆಮೇಲೆ ಅಲ್ಲಿ ನಿಲ್ಲಲಿಲ್ಲ.

ನಾಗವ್ವನ ಮನೆಯಲ್ಲಿ ರೂಪಾಲಿ ಕೂದಲು ಬಿಚ್ಚಿಕೊಂಡು ಬಿಸಿಲಿಗೆ ಕೂತಿದ್ದಳು. ಅತ್ತೆಯನ್ನು ಕಂಡು ಮುಖ ಅರಳಿಸಿ ಕೇಳಿದಳು, “ಏನಂದ್ರು ಅತ್ತಿ?”

ಚಂದ್ರವ್ವ ಆಕೆಯ ಪಕ್ಕದಲ್ಲಿ ಕೂತಳು. ಸುಳ್ಳು ಹೇಳಬೇಕೆಂದುಕೊಂಡೇ ಲಿಫ್ಟ್ ಹತ್ತಿದ್ದಳು. ಹೇಳಲಾಗಲಿಲ್ಲ.

“ಒಲಿ ಎಲ್ಲಿ ಇಡಬೇಕಂತ ನಾನ ತೋರಿಸಿ ಬಂದೆ,” ಎಂದಳು. ಎಂದವಳೇ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾಗವ್ವ ಒಳಗಿನಿಂದ ಬಂದು ನೋಡಿ ಮರಳಿ ಹೋದಳು.

ರೂಪಾಲಿ ಕಿಟಕಿಯ ಆಚೆ ನೋಡಿದಳು. ಕೆಳಗೆ ಪಕ್ಕದ ಗಲ್ಲಿಯಲ್ಲಿ ಯಾರೋ ಪ್ಲೈವುಡ್ ಹಲಗೆ ಹೊತ್ತು ನಡೆದಿದ್ದರು.

“ಬಿಲ್ಡಿಂಗ್ ಇಷ್ಟ ಮ್ಯಾಲ ಬರಾಕ ಎಷ್ಟ ದಿನಾ ಬೇಕ್ರಿ ಅತ್ತಿ?”

“ಎರಡ ವರ್ಷರೆ ಹಿಡೀತದ.”

“ಹಂಗಾರ ಇನ್ನಾ ಎರಡು ವರ್ಷ ಬಿಸಲು ಅದಲ್ರಿ,” ಎಂದಳು ರೂಪಾಲಿ. ಎಂದು, ಕೂದಲನ್ನು ಮುಂದಕ್ಕೆ ಎಳೆದುಕೊಂಡು, ಬಿಸಿಲು ಬೀಳಲೆಂದು ಬೆನ್ನನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು.