ಅಂಬಾಸಡರಿನಲ್ಲೊಂದು ಕಟಿಂಗ್ ಕುರ್ಚಿ

ನಮ್ಮ ಮನೆಯಲ್ಲಿ ಕಾರಿಲ್ಲ, ಆದರೆ ಕಾರಿನ ಹೊದಿಕೆ ಇದೆ. ಮೋಟಾರು ಪತ್ರಿಕೆಯೊಂದಕ್ಕೆ ಮೂರು ವರ್ಷದ ಚಂದಾ ಒಮ್ಮೆಲೇ ಕಟ್ಟಿದ ತಪ್ಪಿಗೆ ಅವರು ಪ್ರೀತಿಯಿಂದ ಕಳಿಸಿಕೊಟ್ಟ, ಬೆಳ್ಳಿಬಣ್ಣದ, ನಾಲ್ಕು ಮೂಲೆಗೂ ಲಾಡಿಯಿರುವ, ಮಳೆಗೂ ಧೂಳಿಗೂ ಅಂಜದ ಹೊದಿಕೆ ಅದು. ನನ್ನ ಹೆಂಡತಿ ಅದನ್ನು ಹಿತ್ತಿಲಿನ ಕಟ್ಟಿಗೆ ಒಟ್ಟಿಲಿನ ಮೇಲೆ ಹೊದಿಸಿದ್ದಾಳೆ. ರಸ್ತೆಯಿಂದ ನೋಡುವವರಿಗೆ ಈ ಮನೆಯವರು ಒಳ್ಳೆಯದೊಂದು ಕಾರನ್ನು ಬಿಸಿಲು ತಾಗದಂತೆ ಬಚ್ಚಿಟ್ಟಿದ್ದಾರೆ ಎಂಬ ಅನುಮಾನ ಬರುತ್ತದೆ. ಆ ಅನುಮಾನವನ್ನು ಪರಿಹರಿಸುವ ಅವಸರ ನನಗೆ ಎಂದೂ ಆಗಿಲ್ಲ.

ಕಾರಿಲ್ಲದವನಿಗೆ ಕಾರಿನ ಮೇಲಿರುವ ಪ್ರೀತಿ ಕಾರಿದ್ದವನಿಗೆ ಎಲ್ಲಿಂದ ಬರಬೇಕು, ನೀವೇ ಹೇಳಿ. ಅವನಿಗೆ ಎಣ್ಣೆಯ ಚಿಂತೆ, ಟೈರಿನ ಚಿಂತೆ, ಭಾವಮೈದುನ ಕೇಳಿಕೊಂಡು ಬಂದಾನೆಂಬ ಚಿಂತೆ. ನಾನಾದರೋ ಚಿಕ್ಕೋಡಿಯ ಕಾಲೇಜೊಂದರ ಗ್ರಂಥಪಾಲಕ. ಬೆಳಿಗ್ಗೆ ಬರುವ ಮೋಟಾರು ಪತ್ರಿಕೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಮುನ್ನ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದಿ ಮುಗಿಸುವವನು. ಹಳೆಯ ಸ್ಕೂಟರಿನ ಮೇಲೆ ಕುಳಿತು ಜಗತ್ತಿನ ಕಾರುಗಳ ಬಗ್ಗೆ ನಿರ್ಲಿಪ್ತ ತೀರ್ಪು ಕೊಡುವವನು. ಅದರಲ್ಲೂ ನನ್ನ ಒಲವು ವಿಚಿತ್ರ ಕಾರುಗಳ ಕಡೆಗೆ. ಷೋರೂಮಿನಿಂದ ಹೊರಬಿದ್ದ ಹಾಗೆಯೇ ಇರುವ ಕಾರಿನಲ್ಲಿ ನೋಡುವುದೇನಿದೆ? ರಾಯಬಾಗದಲ್ಲಿ ನಾಲ್ಕು ಬಾಗಿಲಿಗೆ ನಾಲ್ಕು ಬಣ್ಣದ ಕಾರನ್ನು ನೋಡಿದಾಗ ನನಗಾದ ಆನಂದವನ್ನು ಹೆಂಡತಿ ಇಂದಿಗೂ ನಂಬುವುದಿಲ್ಲ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ಹಳೆಯ ಕಾರು ಎಷ್ಟು ವರ್ಷ ಸರಕಿನ ಮೂಟೆಗಳನ್ನು ಹೊತ್ತಿತ್ತೆಂದರೆ, ಅದು ಪಕ್ಕದಲ್ಲಿ ಬಂದು ನಿಂತರೆ ಹಾರ್ನ್ ಬಾರಿಸುವ ಮೊದಲೇ ನಾಲ್ಕು ಜನ ಸೀನಿ ದಾರಿ ಬಿಡುತ್ತಿದ್ದರು.

ನನ್ನಂಥವರು ಇನ್ನೂ ಇದ್ದಾರೆಂದು ತಿಳಿದದ್ದು ಕೈಗೆ ದೊಡ್ಡ ಮೊಬೈಲು ಬಂದ ಮೇಲೆ. ಅಥಣಿಯವರು, ನಿಪ್ಪಾಣಿಯವರು, ಕೊಲ್ಲಾಪುರದವರು ಸೇರಿ ನಮ್ಮದೊಂದು ಗುಂಪಾಯಿತು. ಎಲ್ಲಾದರೂ ವಿಚಿತ್ರ ಕಾರು ಕಂಡರೆ ಫೋಟೋ ಹಾಕುವುದು, ಉಳಿದವರು ಅದು ಹಾಗೇಕಿದೆ ಎಂದು ಊಹಿಸುವುದು, ಕೊನೆಗೆ ಯಾರ ಊಹೆ ಹೆಚ್ಚು ಘನವಾಗಿದೆಯೋ ಅದೇ ಸತ್ಯವೆಂದು ಒಪ್ಪಿಕೊಳ್ಳುವುದು. ಹೋಗಿ ವಿಚಾರಿಸುವ ಸಣ್ಣತನ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅಂಥ ದಿನಗಳಲ್ಲಿ ಒಂದು ಭಾನುವಾರ, ದ್ರಾಕ್ಷಿಯ ಚಾಟಣಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಇನ್ನೇನು ಶುರುವಾಗಬೇಕು ಎನ್ನುವಾಗ, ನಾನು ಕಾಗವಾಡದ ಕಡೆ ನೆಂಟರ ಮನೆಗೆ ಹೊರಟಿದ್ದೆ. ಉಗಾರ ದಾಟಿ ಒಂದು ಹಳ್ಳಿಯ ಸಂತೆಯ ಹತ್ತಿರ ಜನ ಎರಡೂ ಬದಿಗೆ ಸರಿದು ನಿಂತು ನಗುತ್ತಿದ್ದರು. ನಡುವೆ ಬಂತು ಬಿಳಿಯ ಅಂಬಾಸಡರ್. ಅದಕ್ಕೆ ಟಪ್ಪೇ ಇರಲಿಲ್ಲ. ಮುಂದಿನ ಗಾಜಿನ ಹಿಂದಿನಿಂದ ಡಿಕ್ಕಿಯವರೆಗೆ ಇಡೀ ಮೇಲ್ಭಾಗವನ್ನು ಕೊಯ್ದು, ಅಂಚಿಗೆ ಅಚ್ಚುಕಟ್ಟಾಗಿ ರಬ್ಬರು ಕೂಡಿಸಿದ್ದರು. ಹಿಂದಿನ ಸೀಟಿದ್ದ ಜಾಗದಲ್ಲಿ, ಕಟಿಂಗ್ ಅಂಗಡಿಯಲ್ಲಿರುತ್ತದಲ್ಲ, ಗಿರ್ರನೆ ತಿರುಗುವ, ಕಾಲಲ್ಲಿ ಪೆಡಲ್ ಒತ್ತಿದರೆ ಮೇಲೇರುವ ಕುರ್ಚಿ, ಅದನ್ನು ಬೋಲ್ಟು ಹಾಕಿ ನಿಲ್ಲಿಸಿದ್ದರು. ಕುರ್ಚಿ ಖಾಲಿ. ಗಾಡಿ ನಡೆಸುತ್ತಿದ್ದ ಬಿಳಿ ಟೊಪ್ಪಿಗೆಯ ಹಿರಿಯರು ಅತ್ತಿತ್ತ ನೋಡದೆ, ರಾಷ್ಟ್ರಪತಿಗಳನ್ನು ಕರೆದೊಯ್ಯುವವರ ಗಾಂಭೀರ್ಯದಲ್ಲಿ, ಸಂತೆಯನ್ನು ಒಂದು ಸುತ್ತು ಹಾಕಿ ಬಂದ ದಾರಿಯಲ್ಲೇ ಹೋದರು.

ಅವರು ಮರೆಯಾಗುವ ಮುನ್ನ ಅವಸರದಲ್ಲಿ ಮೊಬೈಲು ಎತ್ತಿ ಒತ್ತಿದೆ. ಆದರೂ ಫೋಟೋ ಚೆನ್ನಾಗಿಯೇ ಬಂತು.

ಗುಂಪಿನಲ್ಲಿ ಅವತ್ತು ಊಟ ಮಾಡಿದವರು ಕಡಿಮೆ. ಸಿನಿಮಾ ಶೂಟಿಂಗಿನ ಗಾಡಿ ಎಂದರು ಅಥಣಿಯವರು. ಊರೂರು ತಿರುಗುವ ಕಟಿಂಗ್ ಅಂಗಡಿ, ಬೇಕಾದರೆ ಹಿಂದೆ ಕನ್ನಡಿ ಇದೆಯೇ ನೋಡಿ ಎಂದರು ನಿಪ್ಪಾಣಿಯವರು. ಚುನಾವಣೆಯ ಪ್ರಚಾರದ್ದು, ಅಭ್ಯರ್ಥಿ ಎಲ್ಲ ಕಡೆಗೂ ತಿರುಗಿ ಕೈಮುಗಿಯಬಹುದು ಎಂದರು ಕೊಲ್ಲಾಪುರದವರು. ಕೊನೆಗೆ ನಾನು, ಗ್ರಂಥಾಲಯದ ಎಲ್ಲ ಗಾಂಭೀರ್ಯವನ್ನೂ ತಂದುಕೊಂಡು, ಇದು ಮದುಮಗನ ಮೆರವಣಿಗೆಯ ಗಾಡಿ, ಕುದುರೆಗೆ ಅಂಜುವ ಮದುಮಕ್ಕಳಿಗಾಗಿ ಮಾಡಿಸಿದ್ದು ಎಂದು ಬರೆದೆ. ಎಲ್ಲರೂ ಒಪ್ಪಿದರು. ಫೋಟೋ ನನ್ನ ಮಾತಿನ ಸಮೇತ ಆ ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿಕೊಂಡು ಹೋಯಿತು. ನಾನು ಮೂರು ದಿನ ಸ್ವಲ್ಪ ಎದೆಯುಬ್ಬಿಸಿಕೊಂಡೇ ತಿರುಗಾಡಿದೆ.

ಆದರೆ ಆ ಖಾಲಿ ಕುರ್ಚಿ ನನ್ನನ್ನು ಕಾಡತೊಡಗಿತು. ಮದುಮಗನಿಲ್ಲದೆ ಮೆರವಣಿಗೆ ಯಾಕೆ? ಗುಂಪಿನ ಘನತೆಗೆ ಕುಂದು ತರುವ ಕೆಲಸವೆಂದು ಗೊತ್ತಿದ್ದರೂ, ಮುಂದಿನ ಭಾನುವಾರ ಹೋಗಿ ವಿಚಾರಿಸಿಯೇ ಬಿಟ್ಟೆ. ದ್ರಾಕ್ಷಿತೋಟದ ಅಂಚಿನ ಮನೆಯ ಮುಂದೆ ಗಾಡಿ ನಿಂತಿತ್ತು. ಹಿರಿಯರ ಹೆಸರು ರಾವಸಾಬ, ಊರಿಗೆಲ್ಲ ಕಾಕಾ. ನಾನು ತುಟಿ ಬಿಗಿಹಿಡಿದು ನಿಂತದ್ದನ್ನು ನೋಡಿ ಅವರೇ ಮಾತು ತೆಗೆದರು.

"ನಗೂದಿದ್ರ ನಕ್ಕಬಿಡ್ರಿ ಮಾಸ್ತರ್ರ. ನಗಲಿ ಅಂತನ ದಿನಾ ತಿರಗಸಾಕತ್ತೀನಿ."

ಕಾಕಾ ಹೇಳಿದ್ದಿಷ್ಟು. ಈ ತೋಟದ ಚಾಟಣಿ ಇಪ್ಪತ್ತು ವರ್ಷ ಅವರ ಹೆಂಡತಿ ಚಂಪಾಕಾಕುವಿನ ಮಾತಿನಂತೆ ನಡೆದದ್ದು. ದ್ರಾಕ್ಷಿಯ ಕಡ್ಡಿಯಲ್ಲಿ ಗೆಣ್ಣಿಗೊಂದು ಮೊಗ್ಗು, ಅದಕ್ಕೆ ಕಣ್ಣು ಎನ್ನುತ್ತಾರೆ. ಯಾವ ಕಡ್ಡಿಗೆ ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕೆಂಬುದರ ಮೇಲೆ ಆ ವರ್ಷದ ಗೊಂಚಲು ನಿಂತಿರುತ್ತದೆ. ಕಾಕು ಚಪ್ಪರದ ಕೆಳಗೆ ನಿಂತು, ಕೈ ಮೇಲೆತ್ತಿ, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಆರು ಎಂದರೆ ಆರು, ಹತ್ತು ಎಂದರೆ ಹತ್ತು. ಹಿಂದಿನ ವರ್ಷ ಅವರಿಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋಯಿತು. ಆ ಸಲ ಕಡ್ಡಿಗಳನ್ನು ಕಡಿದು ತಂದು ಹಾಸಿಗೆಯ ಹತ್ತಿರ ಹಿಡಿದರಂತೆ. "ಕಡದ ತಂದಮ್ಯಾಲ ಇನ್ನೇನ್ ಹೇಳ್ಲಿ, ಒಲಿಗೆ ಹಾಕ್ರಿ" ಎಂದು ಕಾಕು ಮುಖ ತಿರುಗಿಸಿದರಂತೆ. ತೋಟದ ತುಂಬ ಎಲೆಯೇ ಬಂತು, ಗೊಂಚಲು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಾಕು ಆಮೇಲೆ ತೋಟದ ಸುದ್ದಿಯನ್ನೇ ಕೇಳುವುದು ಬಿಟ್ಟುಬಿಟ್ಟರು.

"ತ್ವಾಟದ ಸುದ್ದಿ ಕೇಳೂದ ಬಿಟ್ಟಾಳಂದ್ರ ಈಕಿ ಅರ್ಧಾ ಎದ್ದ ಹೋಗ್ಯಾಳ ಅಂತ ನನಗ ಅಂಜಕಿ ಬಂತು" ಎಂದರು ಕಾಕಾ.

ಗಾಲಿಕುರ್ಚಿ ತಂದರು, ಕರಿಮಣ್ಣಿನ ಹಸಿಯಲ್ಲಿ ಹೂತಿತು. ಟ್ರ್ಯಾಕ್ಟರಿನ ಕುಲುಕಾಟ ಆಗದು. ಕಾರಿನ ಸ್ಪ್ರಿಂಗುಗಳು ಮೆತ್ತಗಿವೆ, ಆದರೆ ಕಾರಿನಲ್ಲಿ ಕುಳಿತರೆ ತಲೆಯ ಮೇಲೆ ತಗಡು. ದ್ರಾಕ್ಷಿತೋಟವೋ ಇರುವುದೇ ತಲೆಯ ಮೇಲೆ. ಹಾಗಾಗಿ ಟಪ್ಪನ್ನು ಕೊಯ್ಯಿಸಿದರು. ಸಾಲಿನ ಎರಡೂ ಬದಿ ನೋಡಬೇಕು, ಕೈ ಮೇಲಕ್ಕೆ ಎಟುಕಬೇಕು. ಹಾಗಾಗಿ ತಿರುಗುವ, ಏರುವ ಕುರ್ಚಿ. ಕಾಕು ಗಾಡಿಯನ್ನು ಒಮ್ಮೆ ನೋಡಿ, ಮಂದಿ ನಗುತ್ತಾರೆ, ನಾನು ಹತ್ತುವುದಿಲ್ಲ ಎಂದರು. ಆಗ ಕಾಕಾ ಯೋಚಿಸಿದರು: ಒಂದೇ ವಿಷಯಕ್ಕೆ ಮನುಷ್ಯ ಎಷ್ಟು ದಿನ ನಕ್ಕಾನು? ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಎರಡನೆಯ ದಿನ ಹಲ್ಲಿನಲ್ಲಿ ನಗುತ್ತಾನೆ, ವಾರ ಕಳೆದರೆ ಎಮ್ಮೆ ಹೋದಷ್ಟೇ ಸಹಜವಾಗಿ ನೋಡಿ ಬೀಡಿ ಹಚ್ಚುತ್ತಾನೆ. ಊರಿನ ನಗೆಯನ್ನು ಮುಂಚಿತವಾಗಿ ಖರ್ಚು ಮಾಡಿಸಿಬಿಟ್ಟರೆ ಹೆಂಡತಿ ಹತ್ತುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಆ ಖಾಲಿ ಮೆರವಣಿಗೆ.

"ಬರೋಬರಿ ನಡದಿತ್ತರಿ. ನಗಿ ಮುಗಿಯಾಕ ಬಂದಿತ್ತು" ಎಂದು ಕಾಕಾ ನಿಟ್ಟುಸಿರು ಬಿಟ್ಟರು. "ಅಷ್ಟರಾಗ ಯಾವನೋ ಪುಣ್ಯಾತ್ಮ ಮೊಬೈಲ್‌ದಾಗ ಫೋಟೋ ಬಿಟ್ಟಾನ. ಮದುಮಗನ ಗಾಡಿ ಅಂತ. ಭೋಜದಾಗಿನ ಈಕಿ ತಂಗಿ ಮಗಳಿಗೆ ಹೋಗಿ ಮುಟ್ಟೇತಿ. ಆಕಿ ಫೋನ್ ಮಾಡಿ ನಕ್ಕಳು. ಇನ್ನ ಎಂಟ ದಿನಕ್ಕ ಚಾಟಣಿ. ಈಕಿ ಒಲ್ಲೆ ಅಂದ್ರ ಒಲ್ಲೆ ಅನ್ನಾಕತ್ತಾಳ."

ಓದುಗರೇ, ಆ ಕ್ಷಣದಲ್ಲಿ ಸ್ಕೂಟರು ಹತ್ತಿ ಓಡಿಬಿಡಬೇಕೆಂದು ನನಗೆ ಅನ್ನಿಸಿತು. ಅದು ಒಂದೇ ಕಿಕ್ಕಿಗೆ ಶುರುವಾಗುವ ಜಾತಿಯದಲ್ಲ ಎಂಬುದೊಂದೇ ಕಾರಣಕ್ಕೆ ನಾನು ಪ್ರಾಮಾಣಿಕನಾದೆ. ಆ ಪುಣ್ಯಾತ್ಮ ನಾನೇ ಎಂದೆ. ಕಾಕಾ ಸಿಟ್ಟಾಗಲಿಲ್ಲ; ನನ್ನ ರಟ್ಟೆ ಹಿಡಿದು ನೇರ ಪಡಸಾಲೆಗೆ ಕರೆದೊಯ್ದು, ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದ ಕಾಕುವಿನ ಮುಂದೆ, ಫೋಟೋ ಬಿಟ್ಟವರು ಇವರೇ ಎಂದು ನಿಲ್ಲಿಸಿದರು.

ಸಣ್ಣ ಆಳು, ಚುರುಕು ಕಣ್ಣು. "ಯಾರ್ಯಾರ ಏನೇನ ಬರದಾರ, ಮದಲಿಂದ ಓದ್ರಿ" ಎಂದರು. ಓದಿದೆ. ಸಿನಿಮಾ, ಕಟಿಂಗ್ ಅಂಗಡಿ, ಚುನಾವಣೆ. ಚುನಾವಣೆಗೆ ಅವರ ತುಟಿಯ ಮೂಲೆ ಸ್ವಲ್ಪ ಅಲುಗಿದಂತೆ ಕಂಡಿತು.

"ಮದುಮಗ ಅಂದವ್ರು ಯಾರು?"

"ನಾನರಿ, ಕಾಕು."

"ಹಂಗಾರ ನೀವ ಹತ್ತರಿ. ಮದುಮಗ ಹೆಂಗ ಕಾಣತಾನ, ಊರ ನೋಡ್ಲಿ."

ಹತ್ತಿದೆ. ಕಾಕಾ ಪೆಡಲ್ ಒತ್ತಿ ಕುರ್ಚಿಯನ್ನು ಮೇಲೇರಿಸಿ, ಗಾಡಿಯನ್ನು ಓಣಿಗೆ ತಂದರು. ಮುಗಿಯುತ್ತ ಬಂದಿದ್ದ ನಗೆ ನನ್ನನ್ನು ಕಂಡು ಹೊಸದಾಗಿ ಚಿಗುರಿತು. ಬಸ್ ನಿಲ್ದಾಣದಲ್ಲಿ ನಮ್ಮ ಕಾಲೇಜಿನ ಇಬ್ಬರು ಹುಡುಗಿಯರು ನಿಂತಿದ್ದರು. "ನಮಸ್ಕಾರ ಸರ್" ಎಂದು ಬಲು ಗೌರವದಿಂದ ಹೇಳಿ, ಪರಸ್ಪರರ ಹೆಗಲಿನಲ್ಲಿ ಮುಖ ಹುದುಗಿಸಿದರು. ತಿರುವಿನಲ್ಲಿ ಕುರ್ಚಿ ತಾನಾಗಿ ತಿರುಗಿ ನಾನು ಹಿಂದೆ ಬರುವವರಿಗೆಲ್ಲ ಮುಖಾಮುಖಿಯಾದೆ.

ಆ ಎತ್ತರದಲ್ಲಿ ಕುಳಿತು ನಾನು ಯೋಚಿಸಿದೆ. ಕಾರು ಮಾಡುವವರು ಎಲ್ಲೋ ದೂರದಲ್ಲಿ ಕುಳಿತು, ಇಷ್ಟು ಉದ್ದದ ಕಾಲು, ಇಷ್ಟು ಅಗಲದ ಬೆನ್ನು ಎಂದು ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳುತ್ತಾರೆ. ಆ ಮನುಷ್ಯ ಯಾವ ಊರಿನಲ್ಲಿಯೂ ಇಲ್ಲ, ಅವನಿಗೆ ಲಕ್ವಾ ಹೊಡೆಯುವುದಿಲ್ಲ, ಅವನಿಗೆ ತೋಟವೂ ಇಲ್ಲ. ನಾವೆಲ್ಲ ಅವನ ಅಳತೆಯಲ್ಲಿ ಹೇಗೋ ತೂರಿಕೊಂಡು ಕುಳಿತು, ಇದೇ ಸರಿಯಾದ ಕಾರು ಎನ್ನುತ್ತೇವೆ. ಯಾರೋ ಒಬ್ಬರು ತಮ್ಮ ಮನೆಯ ಒಬ್ಬರ ಅಳತೆಗೆ ಕಾರನ್ನು ಕೊಯ್ದರೆ ಅದು ವಿಚಿತ್ರವಾಗಿಬಿಡುತ್ತದೆ. ರಾಯಬಾಗದ ನಾಲ್ಕು ಬಣ್ಣದ ಬಾಗಿಲುಗಳಿಗೂ ಏನೋ ಕಾರಣ ಇದ್ದಿರಬೇಕು. ನಾನು ಕೇಳಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು.

ಮರಳಿ ಬಂದಾಗ ಕಾಕು, ಹೇಗಿತ್ತು ಎಂದು ಕೇಳಲಿಲ್ಲ. "ಕುಲಕತೈತೇನ?" ಎಂದರು.

"ಇಲ್ಲರಿ ಕಾಕು. ಮದಲ ನಾಚಿಕಿ ಬರತೈತಿ, ಆಮ್ಯಾಲ ಗಾಳಿ ಬರತೈತಿ."

ಅವರು ಗಾಡಿಯ ಕಡೆ ನೋಡುತ್ತ ಕುಳಿತರು. ನಾನು ಮನೆಗೆ ಬಂದು ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ, ಮದುಮಗನಾದದ್ದನ್ನೂ ಬಿಡಲಿಲ್ಲ. ಆಮೇಲೆ ಕೊಲ್ಲಾಪುರದವರು, ತಿರುವಿನಲ್ಲಿ ತಿರುಗದಂತೆ ಕುರ್ಚಿಗೊಂದು ಚಿಲಕ, ಸೊಂಟಕ್ಕೊಂದು ಪಟ್ಟಿ ಬೇಕೇಬೇಕು ಎಂದು ಚಿತ್ರ ಬರೆದು ಕಳಿಸಿದರು. ಅದನ್ನು ಕಾಕಾನಿಗೆ ತಲುಪಿಸಿದೆ.

ಚಾಟಣಿಯ ದಿನ ರಜೆ ಹಾಕಿ ಹೋದೆ. ಕೂಲಿಯವರು ಕತ್ತರಿ ಹಿಡಿದು ತೋಟದ ಬಾಯಲ್ಲಿ ನಿಂತಿದ್ದರು. ಮನೆಯೊಳಗಿಂದ ಕಾಕು ಕೋಲೂರಿಕೊಂಡು ಹೊರಬಂದು, ಯಾರ ಮುಖವನ್ನೂ ನೋಡದೆ, "ಯಾರರ ನಗೂದಿದ್ರ ಈಗ ನಕ್ಕಬಿಡ್ರಿ, ತ್ವಾಟದಾಗ ಹೊತ್ತಿರೂದಿಲ್ಲ" ಎಂದರು. ಯಾರೂ ನಗಲಿಲ್ಲ. ಇಬ್ಬರು ಹೆಂಗಸರು ಅವರನ್ನು ಎತ್ತಿ ಕೂರಿಸಿದರು, ಕಾಕಾ ಪಟ್ಟಿ ಬಿಗಿದರು, ಅಂಬಾಸಡರ್ ಮೊದಲ ಗೇರಿನಲ್ಲಿ ಸಾಲಿನೊಳಗೆ ಹೊಕ್ಕಿತು.

ಎಲೆ ಉದುರಿಸಿದ್ದ ಬಳ್ಳಿ, ಮೇಲೆಲ್ಲ ಬರೀ ಕಡ್ಡಿ. ಕಾಕು ಬಲಗೈ ಎತ್ತಿದರು. ನಾಲ್ಕು ಬೆರಳಿನಷ್ಟು ಕಡಿಮೆ ಬಿತ್ತು. ಕಾಕಾ ಇಳಿದು ಬಂದು ಪೆಡಲ್ ಒತ್ತಿದರು. ಕುರ್ಚಿ ಅಷ್ಟಷ್ಟೇ ಏರಿತು. ಬೆರಳು ಕಡ್ಡಿಗೆ ತಾಗಿತು.

"ಸಾಕು, ನಿಲ್ಲಸ್ರಿ" ಎಂದರು ಕಾಕು. "ನಾ ನಿಂತ್ರ ಇಷ್ಟ ಎತ್ತರ ಇದ್ದೆ."

ಆಮೇಲೆ ಕಡ್ಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಕಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ, "ಇದಕ್ಕ ಎಂಟ ಬಿಡ್ರಿ" ಎಂದರು. ಕತ್ತರಿ ಕಚಕ್ಕೆಂದಿತು. "ಇದಕ್ಕ ಆರು. ಇದು ಹ್ವಾದ ವರ್ಷ ಯಾವ ಶಾಣ್ಯಾ ಕಡದಾನ?" ಕಡಿದವರು ಕಾಕಾನೇ ಇರಬೇಕು. ಕುರ್ಚಿಯ ಬುಡದಲ್ಲಿ ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಟೊಪ್ಪಿಗೆ ತೆಗೆದು, ಅದರಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಕೂಲಿಯವರು ಅತ್ತ ತಿರುಗಿದರು. ನನಗೂ ಕಣ್ಣು ತುಂಬಿ ಬಂದಿತ್ತು.

ಕಾಕು ಮಾತ್ರ ಕೈಯನ್ನು ಕಡ್ಡಿಯಿಂದ ತೆಗೆಯದೆ ಕೆಳಗೆ ನೋಡಿದರು.

"ಅಳೂದು ಸಂಜಿಕ ಅಳ್ರಿ. ಮದಲ ಗಾಡಿ ಎರಡ ಫೂಟ ಮುಂದ ತಗೀರಿ."